ಆರನೇ ಹಾಡಿನ ಡ್ರಮ್ಮು

ಹುಟ್ಟಿದಾಗಿನಿಂದ ಒಟ್ಟು ಹದಿನೇಳೇ ಹಾಡು ಮಾಡಿದ ಒಂದು ರಾಕ್ ಬ್ಯಾಂಡು, ಅದರಲ್ಲಿ ಹನ್ನೆರಡನ್ನು ಆರಿಸಿ ‘ಗ್ರೇಟೆಸ್ಟ್ ಹಿಟ್ಸ್’ ಅಂತ ಸೀಡಿ ತಂದರೆ, ಉಳಿದ ಐದು ಹಾಡು ಏನು ಪಾಪ ಮಾಡಿದ್ದವು ಎಂದು ಯಾರಾದರೂ ಕೇಳಬೇಕು. ಅಲ್ಲಾಳಸಂದ್ರದ ಮುನೀಂದ್ರನ ಮನೆಯಲ್ಲಿ ಯಾರೂ ಕೇಳಲಿಲ್ಲ. 2014ರ ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಬಾಳೆಕಂದು ಇನ್ನೂ ಬಾಗಿಲಲ್ಲಿ ಒಣಗುತ್ತಿದ್ದಾಗ, ಕೊರಿಯರಿನವನು ಒಂದು ಪೊಟ್ಟಣ ಕೊಟ್ಟು ಹೋದ. ಒಳಗೆ ಐದು ಸೀಡಿ. ಮೇಲೆ ಯಶವಂತಪುರದ ರೈಲು ಹಳಿಯ ಮೇಲೆ ಬೆಲ್‌ಬಾಟಮ್ ತೊಟ್ಟು ನಿಂತ ಐವರು ಹುಡುಗರ ಫೋಟೋ. ಎಡಗಡೆ ಕೊನೆಯಲ್ಲಿ, ಉಳಿದವರಿಗಿಂತ ಒಂದು ಹೆಜ್ಜೆ ಹಿಂದೆ, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟುಕೊಂಡು ಮುನೀಂದ್ರ.

“ಅಯ್ಯೋ ಶಿವನೇ, ಇದು ನೀವಾ?” ಎಂದಳು ಹೆಂಡತಿ ರಾಧಾಮಣಿ. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

ಮಗಳು ಧನಲಕ್ಷ್ಮಿ ಯಲಹಂಕದ ಶಾಲೆಯೊಂದರಲ್ಲಿ ಟೀಚರು. ಮನೆಗೆ ಬಂದವಳೇ ಸೀಡಿಯ ಜೊತೆಗಿದ್ದ ಪುಟ್ಟ ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದಿದಳು. ಮುಂಬಯಿಯ ಯಾರೋ ಹಳೆ ಸಂಗೀತದ ಹುಚ್ಚರು ಇಂಗ್ಲಿಷಿನಲ್ಲಿ ಬರೆದಿದ್ದರು: ಆರನೇ ಹಾಡಿನ ಶುರುವಿನಲ್ಲಿ ಬರುವ ಡ್ರಮ್ಮು ಈ ದೇಶದಲ್ಲಿ ಅದಕ್ಕೆ ಮುಂಚೆ ಯಾರೂ ಬಾರಿಸದಂಥದ್ದು, ಪ್ರತಿ ಪೆಟ್ಟಿನ ಹಿಂದೆ ‘ಚರ್ರ್’ ಎಂದು ಬರುವ ಆ ಸದ್ದನ್ನು ಎಂ. ಮುನೀಂದ್ರ ಹೇಗೆ ಹೊರಡಿಸಿದರೋ ಮೂವತ್ತು ವರ್ಷವಾದರೂ ಯಾರಿಗೂ ತಿಳಿದಿಲ್ಲ.

“ಅಪ್ಪಾ, ಹೆಂಗಪ್ಪ ಮಾಡಿದ್ದು ಆ ಸೌಂಡು?”

“ಅದಾ... ಏನೋ, ಕೈಚಳಕ,” ಎಂದ ಮುನೀಂದ್ರ. ಎದ್ದು ಹೋಗಿ ಮೋಟರ್ ಆಫ್ ಮಾಡಿದ. ಮೇಲಿನ ಟ್ಯಾಂಕು ಇನ್ನೂ ಅರ್ಧ ತುಂಬಿರಲಿಲ್ಲ.

ಮುಚ್ಚಿಟ್ಟು ಕತೆ ಹೇಳುವ ಅಭ್ಯಾಸ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಆ ಆರನೇ ಹಾಡಿನಲ್ಲಿ ಡ್ರಮ್ಮು ಬಾರಿಸಿದ್ದು ಮುನೀಂದ್ರನಲ್ಲ. ಬಾರಿಸಿದವನ ಹೆಸರು ಆವಲಪ್ಪ. ಅವನಿದ್ದದ್ದು ಬಸ್ಸಿನಲ್ಲಿ ಹೋದರೆ ಇಪ್ಪತ್ತು ನಿಮಿಷದ ಚಿಕ್ಕಜಾಲದಲ್ಲಿ. ಆ ಹೆಸರನ್ನು ನುಂಗಿದವನು ಈ ಮುನೀಂದ್ರ. ನುಂಗಿದ್ದು ಮೂವತ್ತೊಂದು ವರ್ಷದಿಂದ ಗಂಟಲಿನಲ್ಲೇ ಇತ್ತು, ಬಿಸಿ ತುಪ್ಪದ ಹಾಗೆ.

ಮುನೀಂದ್ರನ ಅಪ್ಪನಿಗೆ ಅಲ್ಲಾಳಸಂದ್ರದ ಕೆರೆಯ ಕೆಳಗೆ ಎರಡೆಕರೆ ರಾಗಿ ಹೊಲವಿತ್ತು. ಅದು ಬಡಾವಣೆಯಾಗಿ, ಉಳಿದ ಒಂದು ಸೈಟಿನಲ್ಲಿ ಮೂರು ಅಂತಸ್ತು ಎದ್ದು, ಕೆಳಗೆ ತಾವು, ಮೇಲೆ ಬಾಡಿಗೆಯವರು ಎಂಬ ಈ ಕಡೆಯ ಎಲ್ಲರ ಚರಿತ್ರೆಯೇ ಅವನದೂ. ಚಿಕ್ಕಂದಿನಲ್ಲಿ ರಾಮಮಂದಿರದ ಭಜನೆಗೆ ಡೋಲಕ್ ಬಾರಿಸಿ ಕೈ ಪಳಗಿತ್ತು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿನ ಆರ್ಕೆಸ್ಟ್ರಾದಲ್ಲಿ ಡ್ರಮ್ ಸೆಟ್ಟಿನ ಮುಂದೆ ಕೂರಿಸಿದರು. 1982ರ ಗಣೇಶನ ಹಬ್ಬದಲ್ಲಿ ಯಶವಂತಪುರದಲ್ಲಿ ಬಾರಿಸುತ್ತಿದ್ದಾಗ ರೈಲ್ವೆ ಕ್ವಾರ್ಟರ್ಸಿನ ಡೆರಿಕ್ ಎಂಬ ಗಿಟಾರಿನ ಹುಡುಗ ವೇದಿಕೆಯ ಹಿಂದೆ ಬಂದು, “ನಮ್ ಡ್ರಮ್ಮರ್ ದುಬೈಗೆ ಹೋಗ್ಬಿಟ್ಟ ಮ್ಯಾನ್, ನೀನ್ ಬಾ,” ಅಂದ. ಬ್ಯಾಂಡಿನ ಹೆಸರು ‘ಔಟರ್ ಸಿಗ್ನಲ್’.

ಹೋದ. ಹಾಡುಗಳೆಲ್ಲ ಇಂಗ್ಲಿಷು. ಮುನೀಂದ್ರನಿಗೆ ಅರ್ಥವಾಗುತ್ತಿದ್ದದ್ದು ಶುರುವಿನಲ್ಲಿ ಡೆರಿಕ್ ಹೇಳುವ ಒನ್ ಟೂ ತ್ರೀ ಫೋರ್ ಮಾತ್ರ, ಆಮೇಲಿನದ್ದು ದೇವರೇ ಗತಿ. ಆದರೂ ಆ ತಗಡಿನ ಶೆಡ್ಡಿನಲ್ಲಿ ಸಂಜೆ ಕೂತು ಬಾರಿಸುವಾಗ ಕಾರ್ಖಾನೆಯ ಗ್ರೀಸು, ಅಪ್ಪನ ಬೈಗುಳ ಎಲ್ಲ ಮರೆತು ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಈ ಬ್ಯಾಂಡು ಬಿಟ್ಟರೆ ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಇನ್ನೊಂದಿರಲಿಲ್ಲ. ಅದನ್ನು ನೆನಪಿಟ್ಟುಕೊಂಡೇ ಅವನನ್ನು ಬಯ್ಯಬೇಕು.

ಆವಲಪ್ಪ ಅವನ ಜೊತೆ ಯಲಹಂಕದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಮಾರಿಹಬ್ಬಕ್ಕೆ, ಮದುವೆಗೆ, ಸಾವಿಗೆ ತಮಟೆ ಬಡಿಯುವ ಮನೆಯವನು. ಮುನೀಂದ್ರನ ಮನೆಗೆ ಬಂದರೆ ಜಗಲಿಯ ಮೇಲೆ ಕೂರುತ್ತಿದ್ದ, ಕಾಫಿ ಕುಡಿದು ಲೋಟ ತೊಳೆದು ಕವುಚಿಟ್ಟು ಹೋಗುತ್ತಿದ್ದ. ಒಳಗೆ ಬಾ ಎಂದು ಅಪ್ಪ ಹೇಳುತ್ತಿರಲಿಲ್ಲ. ಮುನೀಂದ್ರನೂ ಹೇಳಿದವನಲ್ಲ. ಶೆಡ್ಡಿಗೂ ಆವಲಪ್ಪ ಗೆಳೆಯನ ಹಿಂದೆ ಬರುತ್ತಿದ್ದ, ಮೂಲೆಯಲ್ಲಿ ಕೂತು ಡ್ರಮ್ ಸೆಟ್ಟನ್ನೇ ನೋಡುತ್ತಿದ್ದ, ಎಲ್ಲರೂ ಟೀಗೆ ಹೋದಾಗ ಸ್ಟೂಲಿನ ಮೇಲೆ ಕೂತು ಒಂದು ಕೈ ನೋಡುತ್ತಿದ್ದ. ಮುನೀಂದ್ರ ಆರು ತಿಂಗಳಿಗೆ ಕಲಿತದ್ದು ಅವನಿಗೆ ಆರು ಟೀಗೆ ಬಂತು.

1983ರ ಬೇಸಿಗೆಯಲ್ಲಿ ಕ್ಯಾಸೆಟ್ಟು ಮಾಡಲು ಶಿವಾಜಿನಗರದ ಕಡೆಯ ಒಂದು ಸ್ಟುಡಿಯೋ ಹಿಡಿದರು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಒಂದೇ ದಿನ. ಆರನೇ ಹಾಡು ‘ಗೂಡ್ಸ್ ಟು ತುಮಕೂರ್’. ಯಶವಂತಪುರದಿಂದ ಗೂಡ್ಸ್ ಗಾಡಿ ಮೊದಲು ನರಳುತ್ತ, ಆಮೇಲೆ ಉಸಿರು ಹಿಡಿದು ಓಡುವುದನ್ನು ಶುರುವಿನಲ್ಲಿ ಡ್ರಮ್ಮೊಂದೇ ಕೇಳಿಸಬೇಕು, ಬೇರೇನೂ ಇಲ್ಲ. ಮುನೀಂದ್ರ ಏಳು ಸಲ ಬಾರಿಸಿದ. ಏಳು ಸಲವೂ ಗಾಡಿ ದಾರಿಯ ಗೊಲ್ಲಹಳ್ಳಿ ಸ್ಟೇಷನ್ನು ಮುಟ್ಟುವ ಮೊದಲೇ ಹಳಿ ತಪ್ಪಿತು. ಅಂಗೈ ಬೆವರಿ ಕಡ್ಡಿ ಜಾರುತ್ತಿತ್ತು. ಗೋಡೆಯ ಗಡಿಯಾರ ಐದೂಕಾಲು ತೋರಿಸಿತು. ಡೆರಿಕ್ ಗಾಜಿನ ಆಚೆಯಿಂದ ನೋಡಿ, ಸಾಮಾನು ಹೊರಲು ಬಂದು ಬಾಗಿಲ ಬಳಿ ನಿಂತಿದ್ದ ಆವಲಪ್ಪನ ಕಡೆ ಬೆರಳು ಮಾಡಿದ.

“ನಿನ್ ಫ್ರೆಂಡ್ ಬಾರಿಸ್ತಾನೇನ್ ಮ್ಯಾನ್? ಶೆಡ್ಡಲ್ಲಿ ಕೇಳಿದೀನಿ ನಾನು.”

ಆವಲಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಹಿಂದಿನ ದಿನ ಯಾವುದೋ ಊರಿನ ಮಾರಿಹಬ್ಬ ಮುಗಿಸಿ ಬಂದಿದ್ದ. ತಮಟೆಯ ತೆಳ್ಳನೆಯ ಉದ್ದ ಕಡ್ಡಿ ಇನ್ನೂ ಅಂಗಿಯ ಕಾಲರಿನ ಹಿಂದೆ ಸಿಕ್ಕಿಕೊಂಡಿತ್ತು. ಬಲಗೈಗೆ ಡ್ರಮ್ಮಿನ ಕಡ್ಡಿ ತೆಗೆದುಕೊಂಡ, ಎಡಗೈಗೆ ಅದನ್ನು ಬಿಟ್ಟು ತನ್ನ ತಮಟೆ ಕಡ್ಡಿ ಹಿಡಿದ. ಗಾಡಿ ಹೊರಟಿತು. ದಪ್ಪ ಪೆಟ್ಟಿನ ಹಿಂದೆಯೇ ಆ ಬಿದಿರ ಕಡ್ಡಿ ಚರ್ರ್ ಎಂದು ಚರ್ಮವನ್ನು ಸವರಿಕೊಂಡು ಹೋಯಿತು, ಬೋಗಿಯ ಹಿಂದೆ ಬೋಗಿ ಸರಪಳಿ ಎಳೆದುಕೊಂಡ ಹಾಗೆ. ಒಂದೇ ಸಲಕ್ಕೆ ಮುಗಿಯಿತು. ಡೆರಿಕ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಮುನೀಂದ್ರನೂ ನಕ್ಕ, ಬೆನ್ನು ತಟ್ಟಿದ.

ತಿಂಗಳಾದ ಮೇಲೆ ಕ್ಯಾಸೆಟ್ಟಿನ ಹೊದಿಕೆಗೆ ಹೆಸರು ಹಾಕಿಸುವಾಗ ಡೆರಿಕ್ ಕೇಳಿದ: “ನಿನ್ ಫ್ರೆಂಡ್ ಹೆಸರೇನು? ಆ ಹಾಡಿಗೆ ಅವನ ಹೆಸರು ಬರ್ಬೇಕು.”

ಆಗ ಮುನೀಂದ್ರನಿಗೆ ಹೆಣ್ಣು ನೋಡುತ್ತಿದ್ದರು. ರಾಧಾಮಣಿಯ ತಂದೆಗೆ ಹುಡುಗನ ಹೆಸರು ಕ್ಯಾಸೆಟ್ಟಿನಲ್ಲಿ ಬರುತ್ತದೆ ಎಂದು ಆಗಲೇ ಸುದ್ದಿ ಹೋಗಿತ್ತು. ಆ ಕಾರಣಕ್ಕೇ ಹಾಗೆ ಮಾಡಿದೆ ಎಂದು ಅವನು ಬಹಳ ವರ್ಷ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಮಾವನಾಗುವವರು ಒಂದು ಹಾಡಿಗೆ ಬೇರೆಯವನ ಹೆಸರಿದೆ ಎಂದು ಸಂಬಂಧ ಮುರಿಯುತ್ತಿರಲಿಲ್ಲ. ಊರವರು ಕ್ಯಾಸೆಟ್ಟು ನೋಡಿ, ‘ಓ, ಕಷ್ಟದ್ದೊಂದು ಬಂತು ನೋಡು, ಅದಕ್ಕೆ ತಮಟೆ ಆವಲಪ್ಪನೇ ಬೇಕಾಯ್ತು,’ ಎಂದು ನಗುತ್ತಾರಲ್ಲ, ಆ ನಗುವಿಗೆ ಹೆದರಿದ. ಜಗಲಿಯ ಮೇಲೆ ಕೂರುವವನು ಕೈಯಲ್ಲಿ ತನಗಿಂತ ಮೇಲು ಎಂಬುದನ್ನು ಅಚ್ಚು ಹಾಕಿಸಲು ಅವನಿಗೆ ಮನಸ್ಸು ಬರಲಿಲ್ಲ.

“ಅವನಿಗೆ ಹೆಸರು ಗಿಸರು ಇಷ್ಟ ಇಲ್ಲ. ಬೇಡ ಅಂದ,” ಎಂದ ಡೆರಿಕ್‌ಗೆ.

“ಕಂಪನಿಯವ್ರು ಬ್ಯಾಂಡಿನವರ ಹೆಸರು ಮಾತ್ರ ಹಾಕೋದಂತೆ ಕಣೋ,” ಎಂದ ಆವಲಪ್ಪನಿಗೆ.

“ಓಗ್ಲಿ ಬುಡ್ಲಾ ಮುನೀಂದ್ರ, ಎಸ್ರು ತಗೊಂಡು ಏನ್ ಮಾಡಾನ. ನಂಗೊಂದ್ ಕ್ಯಾಸೆಟ್ ಮಡ್ಗಿರು, ಅಷ್ಟೇಯ.”

ಆ ಒಂದು ಕ್ಯಾಸೆಟ್ಟನ್ನೂ ಅವನು ಕೊಡಲಿಲ್ಲ. ಹೇಗೆ ಕೊಡುವುದು? ಹೊದಿಕೆಯ ಮೇಲೆ ಸ್ಟುಡಿಯೋದಲ್ಲಿ ಟೀ ತಂದುಕೊಟ್ಟವನಿಗೂ ಹೆಸರು ಹಾಕಿ ವಂದನೆ ಹೇಳಿದ್ದರು. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಎಂದು ಜಾರಿಕೊಂಡ. ಮದುವೆಗೆ ಕರೆದ, ಊಟದ ಹೊತ್ತಿಗೆ ಕಣ್ಣು ತಪ್ಪಿಸಿದ. ಬ್ಯಾಂಡಿನ ನಾಲ್ವರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾ, ಕೆನಡಾ ಸೇರಿದರು. ಆವಲಪ್ಪ ಅಲ್ಲಾಳಸಂದ್ರದ ಕಡೆ ಬರುವುದು ನಿಂತಿತು. ಯಾಕೆ ನಿಂತಿತು ಎಂದು ಮುನೀಂದ್ರ ವಿಚಾರಿಸಲಿಲ್ಲ. ನಿಂತದ್ದೇ ಒಳ್ಳೆಯದಾಯಿತು ಅಂದುಕೊಂಡ.

ಈಗ ಸೀಡಿ ಬಂತು. ಆ ಹಳೆಯ ಪಾಪ ಮುದಿಯಾಗಿ ಸಾಯುವ ಬದಲು ಹೊಸ ಅಂಗಿ ತೊಟ್ಟು ಬಾಗಿಲಿಗೆ ಬಂದು ನಿಂತಿತು.

ಮೇಲಿನ ಮನೆಯ ಬಾಡಿಗೆದಾರ ಶೇಖರಪ್ಪ ಗದಗಿನ ಕಡೆಯವರು, ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟು, ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ. ಧನಲಕ್ಷ್ಮಿ ಸೀಡಿ ತೋರಿಸಿದ್ದೇ ತಡ, ಅವರು ಮೆಟ್ಟಿಲಿಳಿದು ಬಂದು ಮುನೀಂದ್ರನ ಎರಡೂ ಕೈ ಹಿಡಿದುಕೊಂಡರು.

“ಅಲ್ರೀ ಸರ, ಇಂಥಾ ದೊಡ್ಡ ಕಲಾವಿದ್ರ ಮನ್ಯಾಗ ಬಾಡಿಗಿ ಅದೀನಿ, ನಾಕು ವರ್ಷ ಆತು, ಒಂದ ಮಾತ ಹೇಳಿಲ್ಲಲ್ರೀ ನೀವು! ಈ ಸಲ ರಾಜ್ಯೋತ್ಸವದಾಗ ನಿಮಗ ಸನ್ಮಾನ. ಮುಗೀತು.”

“ಬೇಡ್ರೀ ಶೇಖರಪ್ಪನವ್ರೇ. ಅದು ಇಂಗ್ಲಿಷ್ ಹಾಡು. ಕನ್ನಡ ರಾಜ್ಯೋತ್ಸವಕ್ಕೆ ಎಲ್ಲಿಂದೆಲ್ಲಿಗೆ?”

“ಹಾಡಿನ್ಯಾಗ ತುಮಕೂರ ಐತಿ ಅಲ್ರಿ!”

ಮುನೀಂದ್ರ ಮತ್ತೆ ಬೇಡ ಅಂದ. ಸಂಘದ ಇಬ್ಬರು ಮನೆಗೆ ಬಂದರು, ಅವರಿಗೂ ಬೇಡ ಅಂದ. ನಾನು ಅಂಥ ದೊಡ್ಡ ಡ್ರಮ್ಮರ್ ಏನಲ್ಲ ಅಂದ, ಅದು ನಿಜವೂ ಆಗಿತ್ತು. ಅವನು ಬೇಡ ಅಂದಷ್ಟೂ ಅವನ ವಿನಯ ದೊಡ್ಡದಾಗುತ್ತ ಹೋಯಿತು. ಹಾಲಿನ ಬೂತಿನಲ್ಲಿ ಜನ ದಾರಿ ಬಿಟ್ಟು ನಿಂತರು. ರಾಧಾಮಣಿಯ ತಮ್ಮ ಶೆಟ್ಟಿಹಳ್ಳಿಯಿಂದ ಫೋನು ಮಾಡಿ, ಭಾವ, ನೀವು ಇಷ್ಟು ದೊಡ್ಡವರೆಂದು ಗೊತ್ತಿರಲಿಲ್ಲ ಎಂದ. ಧನಲಕ್ಷ್ಮಿ ಸ್ಟಾಫ್ ರೂಮಿನಲ್ಲಿ ಆರನೇ ಹಾಡು ಹಾಕಿ ಕೇಳಿಸಿ ಬಂದು, “ಎಲ್ರೂ ಎದ್ದು ನಿಂತ್ಬಿಟ್ರು ಕಣಪ್ಪ,” ಎಂದು ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಮುನೀಂದ್ರನಿಗೆ ಆ ಕಣ್ಣು ನೋಡಲಾಗಲಿಲ್ಲ. ನಾಚಿಕೆ ಎಂಬುದು ಮುಖ ಕೆಂಪಾಗಿಸಿ ಹೋಗುವಂಥದ್ದು ಎಂದು ಅವನು ತಿಳಿದಿದ್ದ. ಅದು ತಟ್ಟೆಯ ಮುಂದೆ ಬಂದು ಕೂರುತ್ತದೆ, ಕೈ ತುತ್ತಿನಲ್ಲೇ ನಿಲ್ಲುವ ಹಾಗೆ ಮಾಡುತ್ತದೆ ಎಂದು ಆ ಎರಡು ತಿಂಗಳಲ್ಲಿ ತಿಳಿಯಿತು.

ದಸರಾ ಕಳೆದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಒಂದು ಸೀಡಿಯನ್ನು ಬ್ಯಾಗಿಗೆ ಹಾಕಿಕೊಂಡು ಚಿಕ್ಕಜಾಲದ ಬಸ್ಸು ಹತ್ತಿದ. ಆವಲಪ್ಪನ ಮುಂದೆ ನಿಂತು ಎಲ್ಲ ಹೇಳಿಬಿಡುವುದು, ಅವನು ಉಗಿದರೆ ಉಗಿಸಿಕೊಳ್ಳುವುದು. ಇಳಿದ ಕಡೆ ಟೀ ಅಂಗಡಿಯ ಮುದುಕಿ ಮುನಿಯಲ್ಲಮ್ಮನನ್ನು ಕೇಳಿದ.

“ತಮಟೆ ಆವಲಪ್ಪನಾ? ಇದೇ ಬೀದೀಲಿ ಮೂರ್ನೇ ಮನೆ. ಈಗ್ತಾನೆ ಒಳಿಕ್ಕೋದ, ಓಗಿ. ಇದಾನೆ.”

ಇದಾನೆ ಎಂಬ ಆ ಒಂದು ಮಾತಿಗೆ ಮುನೀಂದ್ರ ಅಲ್ಲೇ ನಿಂತುಬಿಟ್ಟ. ಇಲ್ಲ ಅಂದಿದ್ದರೆ ಧೈರ್ಯವಾಗಿ ಮನೆಯವರೆಗೂ ಹೋಗಿ ಬರುತ್ತಿದ್ದನೇನೋ. ಬೀದಿಯಲ್ಲಿ ಮೂರನೇ ಮನೆಯ ನೀಲಿ ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಎರಡು ತಮಟೆ ಬಿಸಿಲಿಗೆ ಇಟ್ಟಿದ್ದರು. ಅಲ್ಲಿಂದಲೇ ತಿರುಗಿ, “ಬಸ್ ಬಂತು ಕಣಮ್ಮ, ಇನ್ನೊಂದ್ಸಲ ಬರ್ತೀನಿ,” ಎಂದು ಬಂದ ಬಸ್ಸು ಹತ್ತಿ ಕೂತ. ಬಸ್ಸು ಹೊರಟ ಮೇಲೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು. ಮನೆಗೆ ಬಂದು ಸೀಡಿಯನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟ.

ಬೆಂಗಳೂರಿನಲ್ಲಿ ರಾಜ್ಯೋತ್ಸವ ಕ್ಯಾಲೆಂಡರಿನಲ್ಲಿ ಒಂದು ದಿನ, ಬಡಾವಣೆಗಳಲ್ಲಿ ನವೆಂಬರ್ ಪೂರ್ತಿ. ಅಲ್ಲಾಳಸಂದ್ರದ ಸಂಘಕ್ಕೆ ಮೂರನೇ ಭಾನುವಾರ ಸಿಕ್ಕಿತು. ಬೆಳಗ್ಗೆ ಹತ್ತಕ್ಕೆ ಆಂಜನೇಯನ ಗುಡಿಯಿಂದ ಕೆರೆಯ ಪಕ್ಕದ ಶಾಮಿಯಾನದವರೆಗೆ ಮೆರವಣಿಗೆ, ಭುವನೇಶ್ವರಿಯ ಪಟದ ಹಿಂದೆ ಸನ್ಮಾನಿತರು. ಮುನೀಂದ್ರನ ತಲೆಗೆ ಮೈಸೂರು ಪೇಟ ಇಟ್ಟರು. ಅದು ಒಂದು ಅಳತೆ ದೊಡ್ಡದು, ಹುಬ್ಬಿನವರೆಗೆ ಇಳಿಯುತ್ತಿತ್ತು. ಅದನ್ನು ಮೇಲೆತ್ತಿ ನೋಡುವಾಗ ಎದುರಿಗೆ ಗುಡಿಯ ಪಕ್ಕದ ಖಾಲಿ ಸೈಟಿನಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಎಂಟು ಜನ ತಮಟೆ ಕಾಯಿಸುತ್ತಿದ್ದರು. ನಡುವೆ ಬಿಳಿ ಕೂದಲಿನ ಉದ್ದನೆಯ ಮನುಷ್ಯ, ಕಾಲರಿನ ಹಿಂದೆ ಬಿದಿರ ಕಡ್ಡಿ.

“ಚಿಕ್ಕಜಾಲದ ತಂಡ ರೀ ಸರ,” ಎಂದರು ಶೇಖರಪ್ಪ. “ಈ ಕಡೆ ಇವ್ರನ್ನ ಬಿಟ್ರ ಇಲ್ಲ ಅಂತಾರ. ನಿಮ್ಮ ಮುಂದ ಬಾರ್ಸಾಕ ಇಂಥವ್ರ ಬೇಕು ಅಂತ ಹುಡುಕಿ ಕರಸೀನಿ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಮುನೀಂದ್ರನಿಗೆ. ನೆಲ ಎಂದಿನಂತೆ ಸುಮ್ಮನಿತ್ತು. ಆವಲಪ್ಪ ಅವನನ್ನು ನೋಡಿದ, ಗುರುತು ಹಿಡಿದ, ತಮಟೆಯನ್ನು ಕಂಕುಳಿಗೆ ಸರಿಸಿ ಹತ್ತಿರ ಬಂದು ಕೈ ಮುಗಿದ.

“ಸೆಂದಾಗಿದ್ದೀರಾ ಮುನೀಂದ್ರಣ್ಣ? ಮನೇಲೆಲ್ಲಾ ಸೆಂದಾಗವ್ರಾ?”

ಬುಡ್ಲಾ ಅನ್ನುತ್ತಿದ್ದವನು ಅಣ್ಣ ಅಂದ, ನೀವು ಅಂದ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುನೀಂದ್ರ “ಹೂಂ, ಹೂಂ” ಎಂದಷ್ಟೇ ಹೇಳಿದ. ಅಷ್ಟರಲ್ಲಿ ಮೆರವಣಿಗೆ ಹೊರಟಿತು. ಆವಲಪ್ಪ ಮುಂದೆ ಮುಂದೆ ಬಾರಿಸುತ್ತ ಹಿಂದಕ್ಕೆ ಹೆಜ್ಜೆ ಹಾಕಿದ, ಮುನೀಂದ್ರ ಪೇಟ ಹಿಡಿದುಕೊಂಡು ಅವನ ಬಡಿತದ ಮೇಲೆ ನಡೆದುಕೊಂಡು ವೇದಿಕೆಗೆ ಹೋದ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೊದಲ ಸಾಲಿನಲ್ಲಿ ರಾಧಾಮಣಿ ರೇಷ್ಮೆ ಸೀರೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಧನಲಕ್ಷ್ಮಿ ಮೊಬೈಲು ಎತ್ತಿ ಹಿಡಿದು ವೀಡಿಯೊ ಮಾಡುತ್ತಿದ್ದಳು. ಶೇಖರಪ್ಪ ಮೈಕಿನ ಮುಂದೆ ನಿಂತು, “ಈಗ ಆ ಜಗತ್ಪ್ರಸಿದ್ಧ ಆರನೇ ಹಾಡು,” ಎಂದು ಕೈ ಬೀಸಿದರು.

ಸ್ಪೀಕರಿನಲ್ಲಿ ಗೂಡ್ಸ್ ಗಾಡಿ ನರಳಿತು. ವೇದಿಕೆಯ ಕೆಳಗೆ ನೀರು ಕುಡಿಯುತ್ತಿದ್ದ ಆವಲಪ್ಪ ಲೋಟ ಕೆಳಗಿಟ್ಟ. ಕತ್ತು ಓರೆ ಮಾಡಿ ಒಂದು ಗಳಿಗೆ ಕೇಳಿದ. ಆಮೇಲೆ ಅವನ ಕೈ ತಾನಾಗಿ ಎದ್ದಿತು. ಸ್ಪೀಕರಿನ ಪ್ರತಿ ಪೆಟ್ಟಿಗೂ ತಮಟೆಯ ಮೇಲೆ ಅದೇ ಪೆಟ್ಟು, ಹಿಂದೆಯೇ ಅದೇ ಚರ್ರ್. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮೂವತ್ತೊಂದು ವರ್ಷದ ಹಿಂದಿನ ಕೈ, ಈಗಿನ ಕೈ ಎರಡೂ ಒಂದೇ ಗಾಡಿ ಎಳೆದವು. ಜನ ಕುರ್ಚಿ ಬಿಟ್ಟು ಎದ್ದರು.

ಶೇಖರಪ್ಪ ಆನಂದದಲ್ಲಿ ಮೈಕನ್ನು ಎಳೆದುಕೊಂಡರು. “ನೋಡ್ರಿ, ನೋಡ್ರಿ! ನಮ್ಮ ಮುನೀಂದ್ರ ಸರ್ ಬಾರಿಸಿದ್ದನ್ನ ತಮಟಿಯವ್ರೂ ಕಲ್ತು ಬಾರ್ಸಾಕತ್ತಾರ! ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇನ್ರಿ?”

ಆವಲಪ್ಪ ತಲೆ ಎತ್ತಿ ವೇದಿಕೆಯ ಕಡೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ವಾಸಿಯಿತ್ತು. ಸುಮ್ಮನೆ ನಕ್ಕು, ಹೌದು ಎಂಬಂತೆ ತಲೆಯಾಡಿಸಿದ.

ಮುನೀಂದ್ರ ಎದ್ದು ಹೋಗಿ ಮೈಕು ಹಿಡಿದ. “ಎಲ್ರಿಗೂ ನಮಸ್ಕಾರ. ಈ ಹಾಡಲ್ಲಿ ಡ್ರಮ್ಸ್ ಬಾರ್ಸಿದ್ದು ನಾನಲ್ಲ. ಅಲ್ಲಿ ನಿಂತಿದಾನಲ್ಲ, ಆವಲಪ್ಪ, ಅವನು. ನನ್ ಕೈಲಿ ಆಗ್ಲಿಲ್ಲ ಅದು.”

ಚಪ್ಪಾಳೆ ಬಿತ್ತು, ಶಾಮಿಯಾನದ ಬಟ್ಟೆ ಅದುರುವ ಹಾಗೆ.

“ಕೇಳಿದ್ರಿಲ್ಲೋ?” ಎಂದರು ಶೇಖರಪ್ಪ, ಮೈಕನ್ನು ಮೆತ್ತಗೆ ಅವನ ಕೈಯಿಂದ ತೆಗೆದುಕೊಳ್ಳುತ್ತ. “ತಮ್ಮ ಕೀರ್ತಿನ ಒಬ್ಬ ಬಡ ಕಲಾವಿದಗ ಧಾರಿ ಎರದು ಕೊಟ್ರು! ತುಂಬಿದ ಕೊಡ ತುಳುಕಂಗಿಲ್ಲ ಅಂತಾರಲ್ರಿ, ಇದ ನೋಡ್ರಿ!”

“ಧಾರೆ ಅಲ್ರೀ, ನಿಜಾನೇ—” ಎಂದ ಮುನೀಂದ್ರ. ಮೈಕು ದೂರ ಹೋಗಿತ್ತು, ಮಕ್ಕಳ ಡ್ಯಾನ್ಸಿಗೆ ಹಾಡು ಶುರುವಾಗಿತ್ತು. ಅವನು ಇನ್ನೊಮ್ಮೆ ಮೈಕು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಹೇಳಿದ್ದು ಅರ್ಧ ಮಾತ್ರ ಎಂದು ಅವನಿಗೂ ಗೊತ್ತಿತ್ತು. ಬಾರಿಸಿದ್ದು ಅವನು ಎಂದು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಅವನ ಹೆಸರನ್ನು ನಾನು ನುಂಗಿದೆ ಎಂದು ಹೇಳಿದರೆ ಬೀಳುವುದಿಲ್ಲ. ಆ ಅರ್ಧವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹಣ್ಣಿನ ಬುಟ್ಟಿಯ ಹಿಂದೆ ಕೂತ.

ಊಟಕ್ಕೆ ಜನ ಎದ್ದಾಗ ವೇದಿಕೆಯ ಹಿಂದೆ ಹೋದ. ತಂಡದವರು ಬಿಸಿಬೇಳೆಬಾತಿನ ಸಾಲಿಗೆ ಹೋಗಿದ್ದರು. ಆವಲಪ್ಪನೊಬ್ಬ ಟೆಂಪೋ ಹತ್ತಿರ ತಮಟೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಮುನೀಂದ್ರ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಆವಲಪ್ಪ, ಆವಾಗ ಕಂಪನಿಯವ್ರು ಹೆಸರು ಹಾಕಲ್ಲ ಅಂದೆ ನೋಡು, ಅದು ಸುಳ್ಳು ಕಣೋ. ಡೆರಿಕ್ ನಿನ್ ಹೆಸರು ಕೇಳಿದ್ದ. ನಾನೇ...”

“ಗೊತ್ತು ಬುಡು.”

“ಏನ್ ಗೊತ್ತು?”

ಆವಲಪ್ಪ ಗೋಣಿಯ ಗಂಟು ಬಿಗಿದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹಳೆಯ ಮಾತಿಗೆ ಇಳಿದ. “ಆ ಗಿಟಾರ್ ದೊರೆ ಮಗ ಆವಾಗ್ಲೇ ನಮ್ಮೂರಿಗೆ ಬಂದಿದ್ದ ಕಣ್ಲಾ, ಮೋಟ್ರು ಸೈಕಲ್ನಾಗೆ. ನನಗೊಂದು ಕ್ಯಾಸೆಟ್ ಕೊಡಾಕೆ. ‘ಯಾಕ್ ಮ್ಯಾನ್ ಎಸ್ರು ಬ್ಯಾಡ ಅಂದೆ, ಮುನಿ ಏಳ್ದ’ ಅಂತ ಕೇಳ್ದ. ಊಂ, ನಾನೇ ಬ್ಯಾಡ ಅಂದೆ, ಅಂದೆ.”

“ನೀನ್ಯಾಕೋ ಹಂಗಂದೆ?”

“ಇನ್ನೇನ್ ಅನ್ಲಿ? ನೀನು ಅಂಗೇಳಿರೋವಾಗ ನಾನು ಇಂಗೇಳಿದ್ರೆ ನಿನ್ ಮಾನ ಏನಾಗ್ಬೇಕು? ಮದ್ವೆ ಗೊತ್ತಾಗಿರೋನು.”

ಕದ್ದವನು ತಾನು, ಕದ್ದದ್ದನ್ನು ಮುಚ್ಚಿಟ್ಟು ಕಾಯ್ದವನು ಕಳೆದುಕೊಂಡವನು. ಹಾಡು ಹಾಕಲೆಂದು ತಂದಿದ್ದ ಇನ್ನೊಂದು ಸೀಡಿಯನ್ನು ಮುನೀಂದ್ರ ಜೇಬಿನಿಂದ ತೆಗೆದು ಚಾಚಿದ. ಆವಲಪ್ಪ ಅದನ್ನು ತಿರುವಿ ತಿರುವಿ ನೋಡಿದ, ಫೋಟೋದ ಬೆಲ್‌ಬಾಟಮ್ ನೋಡಿ ನಕ್ಕ, ವಾಪಸು ಕೊಟ್ಟ.

“ಇದ್ನ ಆಕೋ ಮಿಸನ್ನು ನಮ್ತಾವಿಲ್ಲ. ಕ್ಯಾಸೆಟ್ಟೈತೆ, ಸಾಕು. ಅದ್ನ ಕೇಳ್ಸೇ ನಮ್ ಹುಡುಗ್ರಿಗೆಲ್ಲ ಕಲ್ಸಿವ್ನಿ.” ಅಷ್ಟರಲ್ಲಿ ತಂಡದ ಒಬ್ಬ ಎಲೆ ಹಿಡಿದು ಬಂದ. ಆವಲಪ್ಪ ಸರಿದು ನಿಂತು ಕೈ ಮುಗಿದ. “ಬರ್ತೀವಿ ಮುನೀಂದ್ರಣ್ಣ. ಅಕ್ಕೋರಿಗೆ ಏಳಿ.”

ಆ ದಿನ ಮನೆಯಲ್ಲಿ ಹಬ್ಬ. ಧನಲಕ್ಷ್ಮಿ ವೀಡಿಯೊವನ್ನು ಎಲ್ಲರಿಗೂ ಕಳಿಸಿದಳು. ಅಪ್ಪ ಮೈಕಿನಲ್ಲಿ ಹೇಳಿದ ಮಾತೇ ಎಲ್ಲರಿಗೂ ಹಿಡಿಸಿತ್ತು. “ಅಪ್ಪಾ, ಶೆಟ್ಟಿಹಳ್ಳಿ ಮಾವ ಅತ್ತೇಬಿಟ್ರಂತೆ,” ಎಂದಳು. ಮುನೀಂದ್ರ ಊಟ ಬೇಡ ಎಂದು ಮಲಗಿದ. ಬಳಲಿಕೆ ಎಂದುಕೊಂಡರು.

ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಹೆಂಡತಿ, ಮಗಳು ಇಬ್ಬರನ್ನೂ ನಡುಮನೆಯಲ್ಲಿ ಕೂರಿಸಿದ. ಶೇಖರಪ್ಪನವರನ್ನೂ ಮೇಲಿನಿಂದ ಕರೆದ. ಸೀಡಿ ಬಂದಾಗಿನಿಂದ ಮತ್ತೆ ಫೋನಿನಲ್ಲಿ ಸಿಗುತ್ತಿದ್ದ, ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ ಡೆರಿಕ್‌ಗೆ ಫೋನು ಹಚ್ಚು, ಸ್ಪೀಕರಿಗೆ ಹಾಕು ಎಂದು ಮಗಳಿಗೆ ಹೇಳಿದ.

“ಏನ್ ಮುನಿ! ಸನ್ಮಾನ ಆಯ್ತಾ ಮ್ಯಾನ್?”

“ಡೆರಿಕ್, ಆರನೇ ಹಾಡು ಬಾರ್ಸಿದ್ದು ಆವಲಪ್ಪ. ಮುಂದಿನ ಸಲ ಪ್ರಿಂಟ್ ಮಾಡುವಾಗ ಅವನ ಹೆಸರು ಹಾಕು.”

“ನಂಗೊತ್ತಲ್ಲ ಅವನು ಬಾರ್ಸಿದ್ದು. ಆದ್ರೆ ಅವನೇ ಬೇಡ ಅಂದ. ನೀನೂ ಹೇಳ್ದೆ, ಅವನೂ ನನ್ ಮುಂದೆ ಹೇಳ್ದ.”

ಧನಲಕ್ಷ್ಮಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹಾಗಾದರೆ ಮೈಕಿನ ಮಾತು ನಿಜ ಎಂಬುದು ಅವಳಿಗೆ ಈಗ ಹೊಳೆಯುತ್ತಿತ್ತು. ಮುನೀಂದ್ರ ಫೋನಿನ ಕಡೆ ಬಗ್ಗಿ, ಅವಳ ಮುಖವನ್ನು ನೋಡುತ್ತಲೇ ಹೇಳಿದ.

“ಅವನು ಬೇಡ ಅನ್ಲಿಲ್ಲ. ನಾನು ಸುಳ್ಳು ಹೇಳ್ದೆ. ಅವನು ನನಗಿಂತ ಚೆನ್ನಾಗಿ ಬಾರಿಸ್ತಾನೆ ಅಂತ ಊರಿಗೆ ಗೊತ್ತಾಗೋದು ನಂಗೆ ಬೇಡ ಆಗಿತ್ತು, ಅದೂ ತಮಟೆ ಬಡಿಯೋ ಮನೆಯೋನು. ನೀನು ಹೋಗಿ ಕೇಳಿದಾಗ ನನ್ ಮಾನ ಉಳಿಸೋಕೆ ಅವನು ಹೂಂ ಅಂದ.”

ಶೇಖರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ರಾಧಾಮಣಿ ಕೇಳಿದಳು, ಯಾರ ಮುಖವನ್ನೂ ನೋಡದೆ: “ಮದುವೆಗೆ ಮುಂಚೆ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ರು ಅಂತ ಅತ್ತೆ ಹೇಳ್ತಿದ್ರಲ್ಲ, ಅವರೇನಾ?”

“ಅವನೇ.”

ಅವಳು ಎದ್ದು, ಕುರ್ಚಿಯ ಬೆನ್ನ ಮೇಲಿದ್ದ ಸನ್ಮಾನದ ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿದಳು. ಬೀರುವಿನಲ್ಲಿ ಇಡಲಿಲ್ಲ, ಹೊರಗಿನ ಬಾಗಿಲ ಪಕ್ಕದ ಚೀಲದೊಳಗೆ ಇಟ್ಟಳು. “ಚಿಕ್ಕಜಾಲಕ್ಕೆ ಎಷ್ಟೊತ್ತಿಗೆ ಬಸ್ಸು?” ಎಂದು ಕೇಳಿದಳು.